ಗೋಡೆಯೂ ಗಣನೆ ಮಾಡುತ್ತದೆಯೇ?

ಮನಸ್ಸಿನ ತತ್ತ್ವಶಾಸ್ತ್ರದ ನನ್ನ ತರಗತಿಗೆ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಜಾಣರು, ಜಗಳಗಂಟರು, ಅದಕ್ಕೇ ನನಗೆ ಅಚ್ಚುಮೆಚ್ಚು. ಆದರೆ ಮಿದುಳು ಕಂಪ್ಯೂಟರೆಂಬುದು ಸಾಬೀತಾದ ಸಂಗತಿ ಎಂದು ಮೊದಲು ಪಟ್ಟು ಹಿಡಿಯುವವರೇ, ತತ್ತ್ವಜ್ಞ ಜಾನ್ ಸರ್ಲ್ 1990ರಲ್ಲಿ ಮಂಡಿಸಿದ ವಾದವನ್ನು, ಅಂದರೆ ಗೋಡೆಯ ಅಣುಗಳ ಚಲನೆಯಲ್ಲೂ ವರ್ಡ್‌ಸ್ಟಾರ್ ಎಂಬ ಬರಹದ ತಂತ್ರಾಂಶವನ್ನು ಓದಿಕೊಳ್ಳಬಹುದೆಂಬುದನ್ನು ಕೇಳಿದೊಡನೆ, ಗಣನೆಯೆಲ್ಲ (ಕಂಪ್ಯೂಟರ್ ಮಾಡುವ ಲೆಕ್ಕಾಚಾರವೆಲ್ಲ) ನೋಡುವವರ ಕಲ್ಪನೆಯೆಂದು ಷರಾ ಬರೆದುಬಿಡುತ್ತಾರೆ.

ಆಗ ನಾನು ಒಂದು ಲಾಜಿಕ್ ಗೇಟನ್ನು, ಅಂದರೆ ಕಂಪ್ಯೂಟರಿನ ಒಂದು ಪುಟ್ಟ ತರ್ಕಘಟಕವನ್ನು, ಮೇಜಿನ ಮೇಲಿಡುತ್ತೇನೆ. ಒಳಬರುವ ಎರಡೂ ತಂತಿಗಳಲ್ಲಿ 5 ವೋಲ್ಟ್ ಇದ್ದಾಗ ಮಾತ್ರ ಹೊರತಂತಿಯಲ್ಲಿ 5 ವೋಲ್ಟ್. ಉಳಿದ ಮೂರು ಸಂದರ್ಭಗಳಲ್ಲಿ ಸೊನ್ನೆ. 5 ವೋಲ್ಟನ್ನು 'ಹೌದು' ಎಂದು ಓದಿದರೆ ಇದು ಆ್ಯಂಡ್ ಗೇಟ್. ಸೊನ್ನೆಯನ್ನೇ 'ಹೌದು' ಎಂದು ಓದಿದರೆ, ಒಳಗೆ ಒಂದು 'ಹೌದು' ಬಂದರೂ ಹೊರಗೆ 'ಹೌದು' ಬರುವುದರಿಂದ, ಅದೇ ಚಿಪ್ ಆರ್ ಗೇಟ್ ಆಗುತ್ತದೆ. ವೋಲ್ಟ್‌ಮೀಟರಿಗೆ ಈ ವ್ಯತ್ಯಾಸ ಕಾಣದು. ಇಷ್ಟರಮಟ್ಟಿಗೆ ಸರ್ಲ್ ಹೇಳಿದ್ದು ಸರಿ. ಆದರೆ ವಿದ್ಯಾರ್ಥಿಗಳು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ, ನನಗೆ ರೇಗುವುದೂ ಇಲ್ಲೇ. ಒಂದೊಂದು ತಂತಿಯನ್ನೂ ನಿಮಗೆ ಬೇಕಾದಂತೆ ಓದಿ ನೋಡಿ, ಈ ಚಿಪ್ ಎಂದಿಗೂ ಎಕ್ಸಾರ್, ಅಂದರೆ ಒಳಬರುವ ಎರಡು ಭಿನ್ನವಾಗಿದ್ದಾಗ ಮಾತ್ರ 'ಹೌದು' ಎನ್ನುವ ಗೇಟ್, ಆಗದು. ಎಕ್ಸಾರ್‌ಗೆ ನಾಲ್ಕು ಸಂದರ್ಭಗಳು ಎರಡು-ಎರಡಾಗಿ ಒಡೆಯಬೇಕು. ಇಲ್ಲಿ ಅವು ಮೂರು-ಒಂದಾಗಿ ಒಡೆದಿವೆ, ಆ ಒಡಕು ನಾವು ಇಟ್ಟದ್ದಲ್ಲ, ಸಿಲಿಕಾನ್‌ನಲ್ಲೇ ಇರುವುದು. ಹೆಸರು ನಮ್ಮದು, ರಚನೆ ವಸ್ತುವಿನದು.

ತತ್ತ್ವಜ್ಞ ಹಿಲರಿ ಪುಟ್ನಮ್ 1988ರಲ್ಲಿ ಎತ್ತಿದ ಇಂಥದ್ದೇ ಆಕ್ಷೇಪಕ್ಕೆ ಇನ್ನೊಬ್ಬ ತತ್ತ್ವಜ್ಞ ಡೇವಿಡ್ ಚಾಮರ್ಸ್ 1996ರಲ್ಲಿ ಕೊಟ್ಟ ಉತ್ತರದ ತಿರುಳೂ ಇದೇ ಜಾತಿಯದು: ನಡೆದುಹೋದ ಸ್ಥಿತಿಗಳಿಗೆ ಚೀಟಿ ಅಂಟಿಸಿದರೆ ಸಾಲದು, ಬೇರೆ ಇನ್‌ಪುಟ್ ಬಂದಿದ್ದರೆ ವ್ಯವಸ್ಥೆ ತಕ್ಕಂತೆ ಬೇರೆಯಾಗಿ ನಡೆಯುತ್ತಿತ್ತು ಎಂಬುದೂ ನಿಜವಾಗಿರಬೇಕು. ಗೋಡೆ ಸೋಲುವುದು ಅಲ್ಲಿ. ಒಂದು ಬಿಟ್ ಮಾಹಿತಿ ಅಳಿಸಿದರೆ ಕನಿಷ್ಠ ಇಷ್ಟು ಶಾಖ ಹೊರಬೀಳಲೇಬೇಕೆಂಬ ಭೌತವಿಜ್ಞಾನಿ ಲ್ಯಾಂಡೌರ್‌ನ 1961ರ ತತ್ತ್ವವನ್ನು, ಗಣನೆ ವಸ್ತುವಿನಲ್ಲೇ ಇದೆ ಎನ್ನಲು ಕೆಲವರು ಸಾಕ್ಷಿಗೆ ಕರೆಯುತ್ತಾರೆ. ಅಳಿದದ್ದು ಆ್ಯಂಡ್ ಗೇಟಿನದೋ ಆರ್ ಗೇಟಿನದೋ ಎಂದು ಆ ಶಾಖ ಹೇಳುವುದಿಲ್ಲವಾದ್ದರಿಂದ ಅದರಿಂದ ಹೆಚ್ಚೇನೂ ಸಿಗದು.

"ಸಾರ್, ಮಿದುಳಿನಲ್ಲಿ ಈ ಹೆಸರಿಡುವವರು ಯಾರು?" ಎಂದು ಒಬ್ಬಾಕೆ ಒಮ್ಮೆ ಪಟ್ಟಾಗಿ ಕೇಳಿದಳು. ವೋಲ್ಟೇಜುಗಳಂಥ ವ್ಯತ್ಯಾಸಗಳನ್ನು ನಿಯಮಬದ್ಧವಾಗಿ ಬಳಸುವುದೇ ಒಂದು ಯಂತ್ರಾಂಗದ ಕೆಲಸವಾಗಿದ್ದರೆ ಗಣನೆಗೆ ಹೆಸರೇ ಬೇಡ ಎನ್ನುವ ತತ್ತ್ವಜ್ಞ ಗ್ವಾಲ್ಟಿಯೆರೊ ಪಿಚ್ಚಿನೀನಿಯ ಪಕ್ಷಕ್ಕೆ ನಾನು, ತುಸು ಎಚ್ಚರದಿಂದಲೇ, ವಾಲುತ್ತೇನೆ. "ಅದರ 'ಕೆಲಸ' ಇದೇ ಎಂದು ಗೊತ್ತುಮಾಡುವವರು ಯಾರು?" ಎಂದು ಆಕೆ ಮತ್ತೆ ಕೇಳಿದಳು. ದೇಹ ಬದುಕಿ ಉಳಿಯುವುದಕ್ಕೆ ಆ ಅಂಗ ಸಲ್ಲಿಸುವ ಸೇವೆಯೇ ಗೊತ್ತುಮಾಡುತ್ತದೆ ಎಂದೆ. ಆಕೆ ಒಪ್ಪಲಿಲ್ಲ, ಆ ವಾದ ಇನ್ನೂ ನಡೆದಿದೆ.