ಒಂದೇ ಬೆರಳಲ್ಲಿ ಶುರುವಾಗುವ ‘ಸೋಲ್ಜರ್ಸ್ ಜಾಯ್’

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನಲ್ಲಿ ಹಳ್ಳಿ ಕುಣಿತಕ್ಕೆ ಪಿಟೀಲು ನುಡಿಸುವವರನ್ನು ಕೇಳಿದರೆ ‘ಸೋಲ್ಜರ್ಸ್ ಜಾಯ್’ ಧಾಟಿ ಬರಲ್ಲ ಅನ್ನುವವರು ಸಿಗುವುದು ಕಷ್ಟ. ಅದು ಹುಟ್ಟಿದ್ದು ಎಲ್ಲಿ ಅನ್ನುವುದು ಮಾತ್ರ ಹಳೇ ಜಗಳ.

1778ರಲ್ಲಿ ಗ್ಲಾಸ್ಗೋದ ಜೋಶುವಾ ಕ್ಯಾಂಪ್‌ಬೆಲ್ ಅಚ್ಚು ಹಾಕಿಸಿದ ಸಂಗ್ರಹದಲ್ಲಿ ಇದು ಇದೆ. ಆ ಶತಮಾನದ ಲಂಡನ್ನಿನ ನೃತ್ಯ ಪುಸ್ತಕಗಳಲ್ಲೂ ಇದೆ. 1785ರಲ್ಲಿ ಕವಿ ರಾಬರ್ಟ್ ಬರ್ನ್ಸ್, ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕನೊಬ್ಬನ ಹಾಡನ್ನು ಇದೇ ಧಾಟಿಗೆ ಕೂರಿಸಿದ. ಆದರೆ ಅಚ್ಚಾದ ವರ್ಷವೇ ಹುಟ್ಟಿದ ವರ್ಷ ಆಗಬೇಕಿಲ್ಲ, ಅಲ್ವಾ? ಕುಣಿತದ ಜಾಗಗಳಲ್ಲಿ ಆಗಲೇ ಓಡಾಡುತ್ತಿದ್ದ ಧಾಟಿಗಳನ್ನೂ ಪ್ರಕಾಶಕರು ಹೆಕ್ಕಿ ಮಾರುತ್ತಿದ್ದರು.

ನನಗೆ ಪುಸ್ತಕಕ್ಕಿಂತ ಪಿಟೀಲೇ ಜಾಸ್ತಿ ಹೇಳುತ್ತದೆ ಅನಿಸುತ್ತದೆ. ಅಲ್ಲಿ ನಾಲ್ಕು ತಂತಿಗಳ ಶ್ರುತಿ, ಪಾಶ್ಚಾತ್ಯ ಸ್ವರಗಳ ಹೆಸರಲ್ಲಿ, ಜಿ, ಡಿ, ಎ, ಇ. ಧಾಟಿ ಇರುವುದು ಡಿ ಸ್ವರವನ್ನೇ ನೆಲೆಯಾಗಿಟ್ಟ ಡಿ ಮೇಜರ್‌ನಲ್ಲಿ. ಡಿಯನ್ನೇ ಷಡ್ಜ ಅಂತ ಇಟ್ಟುಕೊಳ್ಳಿ. ಆಗ ಮೊದಲ ಸಾಲು ಶುರುವಾಗುವುದು ಹೀಗೆ: ಪಗಸಗ ಪಗಸಗ. ‘ಪ’ ಬೇಕಾದರೆ ಎ ತಂತಿಯನ್ನು ಸುಮ್ನೆ ಎಳೆದರೆ ಸಾಕು. ‘ಸ’ ಬೇಕಾದರೆ ಡಿ ತಂತಿ. ‘ಗ’ ಒಂದಕ್ಕೆ ಮಾತ್ರ ಡಿ ತಂತಿಯ ಮೇಲೆ ನಡುಬೆರಳು ಇಡಬೇಕು. ಉಳಿದದ್ದೆಲ್ಲ ಕಮಾನಿನ ಕೆಲಸ.

ಇದರಲ್ಲಿ ಭೌತಶಾಸ್ತ್ರವೂ ಇದೆ. ಬೆರಳಿನ ಮೆತ್ತನೆಯ ತುದಿ ತಂತಿಯ ಕಂಪನವನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಬೆರಳೇ ಇಡದ ತಂತಿಗೆ ಆ ನಷ್ಟವಿಲ್ಲ, ಅದು ಖಣಖಣ ಅಂತ ಮೊಳಗುತ್ತದೆ. ಮೈಕಿಲ್ಲದ ಕಾಲದಲ್ಲಿ, ಜನ ನೆಲ ಅದುರುವಂತೆ ಕುಣಿಯುವಾಗ, ಒಬ್ಬನೇ ಪಿಟೀಲುಗಾರನಿಗೆ ಇದಕ್ಕಿಂತ ಇನ್ನೇನು ಬೇಕು? ಹಾಗಾಗಿ ಇದು ಯಾವ ದೇಶದ್ದೇ ಆಗಲಿ, ಪಿಟೀಲಿನ ಮೇಲೇ ಹುಟ್ಟಿದ ಕೂಸು ಅಂತ ನಾನು ನಂಬುತ್ತೇನೆ.

ಇಷ್ಟು ಕೈ ದಾಟಿಯೂ ಧಾಟಿ ಗುರುತು ಸಿಗುವಂತೆ ಉಳಿದದ್ದು ಹೇಗೆ? 1907ರಲ್ಲಿ ಇಂಗ್ಲೆಂಡಿನ ಜನಪದ ಹಾಡುಗಳ ಸಂಗ್ರಾಹಕ ಸೆಸಿಲ್ ಶಾರ್ಪ್ ಜನಪದ ಸಂಗೀತಕ್ಕೆ ಜೀವವಿಕಾಸದ ನಿಯಮಗಳನ್ನೇ ಹಚ್ಚಿದ್ದರು: ಹಳೆಯದು ಮುಂದುವರಿಯುತ್ತದೆ, ನುಡಿಸುವವರು ಬದಲಿಸುತ್ತಾರೆ, ಜನ ಮೆಚ್ಚಿದ್ದು ಉಳಿಯುತ್ತದೆ. 2022ರಲ್ಲಿ ಸಂಗೀತ ಸಂಶೋಧಕ ಪ್ಯಾಟ್ರಿಕ್ ಸ್ಯಾವೇಜ್ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕಿಯೇ ನೋಡಿದರು. ಇಂಗ್ಲಿಷ್ ಮತ್ತು ಜಪಾನಿ ಭಾಷೆಗಳ 10,000ಕ್ಕೂ ಹೆಚ್ಚು ಜನಪದ ಹಾಡುಗಳನ್ನು ತೆಗೆದುಕೊಂಡು, ಡಿಎನ್‌ಎ ಸಾಲುಗಳನ್ನು ಹೋಲಿಸುವ ವಿಧಾನದಲ್ಲೇ ಸ್ವರಗಳನ್ನು ಹೋಲಿಸಿದರು. ಅವರಿಗೆ ಕಂಡದ್ದು ಇದು: ಧಾಟಿಗೆ ಆಧಾರವಾದ ಸ್ವರಗಳು ಕಡಿಮೆ ಬದಲಾಗುತ್ತವೆ. ಒಂದು ಸ್ವರ ಇನ್ನೊಂದಾಗುವಾಗಲೂ ಸಾಮಾನ್ಯವಾಗಿ ಹತ್ತಿರದ ಸ್ವರಕ್ಕೇ ಸರಿಯುತ್ತದೆ.

ಅಟ್ಲಾಂಟಿಕ್ ದಾಟಿ ಅಮೆರಿಕದ ಅಪಲೇಷಿಯನ್ ಬೆಟ್ಟಗಳಿಗೆ ಹೋದ ‘ಸೋಲ್ಜರ್ಸ್ ಜಾಯ್’ ಕೇಳಿ ನೋಡಿ. ಕಮಾನಿನ ಓಟ ಬೇರೆ, ಪಕ್ಕದಲ್ಲಿ ಬ್ಯಾಂಜೋ ಬಂದು ಕೂತಿದೆ. ಮೊದಲ ಸಾಲಿನ ಪ, ಗ, ಸ ಮಾತ್ರ ಬಹುಮಟ್ಟಿಗೆ ಅಲ್ಲೇ ಇವೆ.