ಚಾರಣಕ್ಕೆ ವಾಕಿಟಾಕಿ: ಲೈಸೆನ್ಸ್ ಬೇಕಾ, ಯಾವುದು ಸಾಕು?

ಪ್ರಶ್ನೆ: ನಾವು ಹನ್ನೆರಡು ಜನ ಮೂಡಿಗೆರೆ ಕಡೆಯ ಎತ್ತಿನ ಭುಜ ಹತ್ತಬೇಕು ಅಂತಿದ್ದೇವೆ. ಕಾಡಲ್ಲಿ ಮೊಬೈಲ್ ನಂಬುವ ಹಾಗಿಲ್ಲ. ವಾಕಿಟಾಕಿಗೆ ಲೈಸೆನ್ಸ್ ಬೇಕಾ? ಯಾವುದು ತಗೊಳ್ಳೋದು?

ಉತ್ತರ: ಕೆಲವಕ್ಕೆ ಬೇಕು, ಕೆಲವಕ್ಕೆ ಬೇಡ. ನಿಮಗೆ ಲೈಸೆನ್ಸ್ ಬೇಡದ್ದೇ ಸಾಕು. 446.0ರಿಂದ 446.2 ಮೆಗಾಹರ್ಟ್ಸ್ ಒಳಗೆ ಮಾತ್ರ ಕೆಲಸ ಮಾಡುವ, ಕಡಿಮೆ ಶಕ್ತಿಯ ಸೆಟ್‌ಗಳಿಗೆ ನಮ್ಮಲ್ಲಿ ಲೈಸೆನ್ಸ್ ಬೇಡ. ಕೊಳ್ಳುವಾಗ ಈ ಸಂಖ್ಯೆ ನೋಡಿ, ಇಟಿಎ (ಸೆಟ್‌ನ ಮಾದರಿಗೆ ಸರ್ಕಾರ ಕೊಡುವ ಒಪ್ಪಿಗೆ) ಪ್ರಮಾಣಪತ್ರ ಇದೆಯಾ ಅಂತಲೂ ಕೇಳಿ. ಅಮೆರಿಕದಿಂದ ಯಾರೋ ತಂದುಕೊಟ್ಟ ಸೆಟ್ ಇದ್ದರೆ ಮನೆಯಲ್ಲೇ ಇರಲಿ. ಅಲ್ಲಿ ಮನೆಮಂದಿ ಬಳಸುವುದು 462, 467 ಮೆಗಾಹರ್ಟ್ಸ್‌ನವು. ಇಲ್ಲಿ ಅವಕ್ಕೆ ಈ ವಿನಾಯಿತಿ ಇಲ್ಲ.

ಜನಸಾಮಾನ್ಯರ ಬಳಕೆಗೆ ಬಿಟ್ಟ 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡ್ ಸೆಟ್‌ಗೂ ಲೈಸೆನ್ಸ್ ಬೇಡ. ಆದರೆ ಅದಕ್ಕೆ ಉದ್ದದ ಆಂಟೆನಾ ಇದ್ದರೇ ಚೆಂದ. ಜೀಪಿಗೆ ಸರಿ, ಬೆನ್ನಿನ ಚೀಲಕ್ಕಲ್ಲ. ಇನ್ನು ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳ ರೇಡಿಯೊ. ಅದಕ್ಕೆ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆಯಬೇಕು, ಸೆಟ್ ಹಿಡಿದು ಮಾತಾಡುವ ಪ್ರತಿಯೊಬ್ಬರೂ. ಹನ್ನೆರಡು ಜನ ಓದಿ ಪಾಸಾಗುವಷ್ಟರಲ್ಲಿ ಮಳೆಗಾಲ ಬಂದಿರುತ್ತದೆ!

ಡಬ್ಬಿಯ ಮೇಲಿನ 'ಹತ್ತು ಕಿಲೋಮೀಟರ್' ನಂಬಬೇಡಿ. ಅದು ಅಡ್ಡ ಏನೂ ಇಲ್ಲದ ಬಯಲಿನ ಲೆಕ್ಕ. ನಮ್ಮ ಮಲೆನಾಡಲ್ಲಿ ಅಂಥ ಬಯಲು ಎಲ್ಲಿದೆ? ಈ ಅಲೆಗಳು ಹೆಚ್ಚು ಕಡಿಮೆ ನೇರಕ್ಕೇ ಹೋಗುತ್ತವೆ. ನಡುವೆ ಗುಡ್ಡದ ಏಣು ಬಂದರೆ ಮುಗಿಯಿತು, ಆಚೆ ಅರ್ಧ ಕಿಲೋಮೀಟರಲ್ಲಿ ಇರುವವರೂ ಸಿಗುವುದಿಲ್ಲ. ಮಳೆಯಲ್ಲಿ ನೆಂದ ಎಲೆ ಇನ್ನಷ್ಟು ನುಂಗುತ್ತದೆ. ಜಾಸ್ತಿ ದುಡ್ಡು ಕೊಟ್ಟರೂ ಗುಡ್ಡ ಪಕ್ಕಕ್ಕೆ ಸರಿಯುವುದಿಲ್ಲ ಅಲ್ವಾ?

ಹಾಗಾಗಿ ದುಬಾರಿ ಎರಡರ ಬದಲು ಸಾಧಾರಣ ಮೂರು ತಗೊಳ್ಳಿ. ಒಂದು ಮುಂದೆ, ಒಂದು ಕೊನೆಯವರ ಹತ್ತಿರ, ಒಂದು ನಡುವೆ. ಮುಂದಿನವರು ಕಾಡು ದಾಟಿ ಬೋಳು ನೆತ್ತಿ ಹತ್ತುತ್ತಿದ್ದಾಗ ಹಿಂದಿನವರು ಇನ್ನೂ ಮರಗಳ ಕೆಳಗೇ ಇರುತ್ತಾರೆ. ನಡುವಿನವರು ಕಾಡಂಚಲ್ಲಿ ನಿಂತು, ಇತ್ತ ಕೇಳಿದ್ದನ್ನು ಅತ್ತ ಹೇಳಿದರೆ ಆಯಿತು.

ಮೂರರಲ್ಲೂ ಚಾನೆಲ್ ಮತ್ತು ಕೋಡ್ ಒಂದೇ ಇರಲಿ. 'ಪ್ರೈವಸಿ ಕೋಡ್' ಅನ್ನುವ ಹೆಸರು ಸುಮ್ನೆ. ಅದು ಬೇರೆಯವರ ಮಾತು ನಿಮಗೆ ಕೇಳದ ಹಾಗೆ ಮಾಡುತ್ತದೆ, ನಿಮ್ಮ ಮಾತನ್ನು ಗುಟ್ಟಾಗಿ ಇಡುವುದಿಲ್ಲ.

ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತಾಡಿ, ಮುಗಿದ ಮೇಲೆ ಬಿಡಿ. ಕನ್ನಡದಲ್ಲಿ ಇದು ಇನ್ನೂ ಮುಖ್ಯ. ನಮ್ಮ 'ಬೇಡ' ಬರುವುದು ಮಾತಿನ ಕೊನೆಗೆ. 'ಬಲಕ್ಕೆ ಹೋಗಬೇಡಿ' ಅನ್ನುವಾಗ ಬೆರಳು ಬೇಗ ತೆಗೆದರೆ ಆಚೆಯವರಿಗೆ ಕೇಳುವುದು 'ಬಲಕ್ಕೆ ಹೋಗ' ಮಾತ್ರ. ಅದಕ್ಕೇ ನಾನು ಮೊದಲೇ ಬೇಡ ಅಂದುಬಿಡುತ್ತೇನೆ: 'ಬೇಡ, ಬೇಡ, ಬಲಕ್ಕೆ ಬೇಡ.'