ಗುಂಡಿ ಒತ್ತಿದವರೆಲ್ಲ ಗಿರಾಕಿಗಳಲ್ಲ

ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಫೋನ್ ಬಂತು. ಬೀಜ, ಸ್ಪ್ರೇಯರ್, ಹನಿ ನೀರಾವರಿ ಪೈಪು ಮಾರುವ ದಾವಣಗೆರೆಯ ಮಾಲೀಕರು. ಅವರ ಆ್ಯಪ್ ನನ್ನದೇ ಕೆಲಸ. "ಸರ್, ನಿಮ್ಮ ಲೆಕ್ಕದಲ್ಲಿ ಇವತ್ತು ಮೂವತ್ತೊಂದು ಆರ್ಡರ್. ನನ್ನ ಬಿಲ್ ಪುಸ್ತಕದಲ್ಲಿ ಹನ್ನೆರಡು. ಉಳಿದ ಹತ್ತೊಂಬತ್ತು ಜನ ಎಲ್ಲಿಗೆ ಹೋದರು?"

ಅವರು ಎಲ್ಲಿಗೂ ಹೋಗಿರಲಿಲ್ಲ, ಇರಲೇ ಇಲ್ಲ. 'ಹಣ ಪಾವತಿಸಿ' ಎಂಬ ಗುಂಡಿ ಒತ್ತಿದ ಕೂಡಲೇ ಖರೀದಿ ಆಯಿತೆಂದು ದಾಖಲಾಗುವಂತೆ ಬರೆದವನು ನಾನು. ಗುಂಡಿ ಒತ್ತಿದ ಮೇಲೆ ಫೋನು ಯುಪಿಐ ಆ್ಯಪ್‌ಗೆ ಜಿಗಿಯುತ್ತದೆ. ಅಲ್ಲಿ ಪಿನ್ ಮರೆತವರಿದ್ದಾರೆ, ಮಗನನ್ನು ಕೇಳಿ ಕಟ್ಟೋಣ ಎಂದು ಬಿಟ್ಟವರಿದ್ದಾರೆ, ನೆಟ್‌ವರ್ಕ್ ಸಿಗದೆ ಮೂರು ಸಲ ಒತ್ತಿದವರಿದ್ದಾರೆ. ಇದಕ್ಕೆ ವಿರುದ್ಧವಾದದ್ದೂ ಉಂಟು: ಹಣ ಕಟ್ಟಿ, ಫೋನನ್ನು ಜೇಬಿಗಿಳಿಸಿ, ನಮ್ಮ ಆ್ಯಪ್‌ಗೆ ಮರಳದೇ ಹೊಲಕ್ಕೆ ಹೋದವರು. ಹಾಗಾಗಿ ಪಾವತಿಯ ವಿಷಯದಲ್ಲಿ ಫೋನಿನ ಸಾಕ್ಷಿಯನ್ನು ನಾನೀಗ ನಂಬುವುದಿಲ್ಲ. ಪಾವತಿ ಸಂಸ್ಥೆಯಿಂದ ನಮ್ಮ ಸರ್ವರ್‌ಗೆ ಖಾತ್ರಿ ಬಂದ ಮೇಲೆ ಸರ್ವರ್‌ನಿಂದಲೇ, ಆ್ಯಪ್ ಬಳಕೆಯ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ಗೆ ಈವೆಂಟ್, ಅಂದರೆ ಆ ಘಟನೆಯ ದಾಖಲೆ, ಹೋಗುತ್ತದೆ. ಒಂದು ಆರ್ಡರ್ ಸಂಖ್ಯೆಗೆ ಒಂದೇ ಸಲ. ಇದಕ್ಕೆ, ಆರ್ಡರ್ ಶುರುವಾದಾಗಲೇ ಫೈರ್‌ಬೇಸ್ (ಆ್ಯಪ್ ಕಟ್ಟುವವರಿಗೆ ಗೂಗಲ್ ಕೊಡುವ ಸಲಕರಣೆ) ಆ ಫೋನಿನಲ್ಲಿರುವ ಆ್ಯಪ್‌ಗೆ ಕೊಟ್ಟಿರುವ ಗುರುತನ್ನು ಸರ್ವರ್‌ನಲ್ಲಿ ಉಳಿಸಿಕೊಂಡಿರಬೇಕು. ಇಲ್ಲದಿದ್ದರೆ ಆ ಖರೀದಿ ಯಾವ ಜಾಹೀರಾತಿನಿಂದ, ಯಾವ ಪರದೆಯಿಂದ ಬಂತೆಂದು ಜೋಡಿಸಲು ದಾರಿಯಿಲ್ಲ.

ಇಂಥ ಮುಖ್ಯ ಘಟನೆಯನ್ನು ಗೂಗಲ್ ಅನಾಲಿಟಿಕ್ಸ್ ಮೊದಲು ಕನ್ವರ್ಷನ್ ಎನ್ನುತ್ತಿತ್ತು. 2024ರಿಂದ ಕೀ ಈವೆಂಟ್ ಎನ್ನುತ್ತದೆ. ಹೆಸರೇನಾದರೂ ಇರಲಿ, ಈವೆಂಟ್‌ಗೆ ನಾವಿಡುವ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೆರೆತರೆ ಒಂದೇ ಘಟನೆ ಎರಡಾಗಿ ಕೂರುತ್ತದೆ. ಪರೀಕ್ಷಿಸುವಾಗ, ಈವೆಂಟ್‌ಗಳನ್ನು ಬಂದ ಹಾಗೇ ತೋರಿಸುವ ಡೀಬಗ್ ವ್ಯೂ ತೆರೆದಿಟ್ಟುಕೊಳ್ಳಿ. ಮಾಮೂಲಿಯಾಗಿ ಬ್ಯಾಟರಿ ಉಳಿಸಲು ಆ್ಯಪ್ ಈವೆಂಟ್‌ಗಳನ್ನು ಗುಂಪು ಕಟ್ಟಿ, ಸುಮಾರು ಗಂಟೆಗೊಮ್ಮೆ ಕಳಿಸುತ್ತದೆ. ಇದು ತಿಳಿಯದೆ 'ಏನೂ ಬರುತ್ತಿಲ್ಲ' ಎಂದು ಸರಿಯಿದ್ದ ಕೋಡನ್ನೇ ಕೆಡಿಸಿದವರನ್ನು ಕಂಡಿದ್ದೇನೆ.

ಲೆಕ್ಕ ಸರಿಹೋದ ಮೇಲೆಯೇ ಒಬ್ಬೊಬ್ಬರಿಗೆ ಒಂದೊಂದು ಮುಖಪುಟ ತೋರಿಸುವ ಮಾತು. ನಮ್ಮ ಜಿಲ್ಲೆಗೆ ಅದು ಬೇಕೇ ಬೇಕು. ಜಗಳೂರಿನವರಿಗೆ ಮಳೆ ನಂಬಿದ ಮೆಕ್ಕೆಜೋಳ, ಹರಿಹರದ ಕಡೆ ಭದ್ರಾ ನಾಲೆಯ ಭತ್ತ, ಚನ್ನಗಿರಿಯಲ್ಲಿ ಅಡಿಕೆ. ಅಡಿಕೆ ತೋಟದವರಿಗೆ ಜೂನ್ ತಿಂಗಳಲ್ಲಿ ಮೆಕ್ಕೆಜೋಳದ ಬೀಜ ತೋರಿಸಿದರೆ ಅವರು ಆ್ಯಪ್ ಅಳಿಸುತ್ತಾರೆ, ಅಷ್ಟೇ.

ಊರನ್ನು ಊಹಿಸಲು ಹೋಗಿ ಮತ್ತೊಮ್ಮೆ ಎಡವಿದೆ. ಮೊಬೈಲ್ ನೆಟ್‌ವರ್ಕಿನ ವಿಳಾಸ ನೋಡಿದರೆ ಜಗಳೂರಿನವರೂ ಬೆಂಗಳೂರಿನವರಾಗಿ ಕಾಣಿಸಿದರು. ಜಿಪಿಎಸ್ ನೋಡಿದರೆ, ಮಾಲು ಹೇರಿಕೊಂಡು ಎಪಿಎಂಸಿಗೆ ಬಂದ ದಿನ ಎಲ್ಲರೂ ದಾವಣಗೆರೆ ನಗರದವರೇ! ಕೊನೆಗೆ ಬುದ್ಧಿ ಬಂದು ನೇರವಾಗಿ ಕೇಳಿದೆವು: 'ಈ ಸಲ ಏನು ಬೆಳೆ?' ನಾಲ್ಕು ಚಿತ್ರ, ಒಂದು ಒತ್ತು. ಆ ಉತ್ತರವನ್ನು ಬಳಕೆದಾರರ ಗುಣವಾಗಿ ದಾಖಲಿಸಿ, ಆ್ಯಪ್ ಹೊಸದಾಗಿ ಹಾಕಿಸದೆ ದೂರದಿಂದಲೇ ಅದರ ನೋಟ ಬದಲಿಸುವ ಫೈರ್‌ಬೇಸ್‌ನ ರಿಮೋಟ್ ಕಾನ್ಫಿಗ್‌ನಲ್ಲಿ ಅದರಂತೆ ಬೇರೆ ಬೇರೆ ಮುಖಪುಟ ಇಟ್ಟೆವು. ದಾಖಲಾದ ನಂತರದ ಈವೆಂಟ್‌ಗಳಿಗೆ ಮಾತ್ರ ಆ ಗುಣ ಅಂಟಿಕೊಳ್ಳುತ್ತದೆ, ಹಿಂದಿನವಕ್ಕೆ ಇಲ್ಲ. ಆದ್ದರಿಂದ ಮೊದಲ ಪರದೆಯಲ್ಲೇ ಕೇಳುವುದು ಲೇಸು. ನಾವು ಬದಲಿಸದಿದ್ದರೆ ರಿಮೋಟ್ ಕಾನ್ಫಿಗ್ ಹನ್ನೆರಡು ಗಂಟೆಗೊಮ್ಮೆ ಮಾತ್ರ ಹೊಸ ಮೌಲ್ಯ ತರುತ್ತದೆ; ಬಂದದ್ದನ್ನು ಕೂಡಲೇ ಹಚ್ಚಿದರೆ ಓದುತ್ತಿರುವಾಗಲೇ ಪುಟ ಬದಲಾಗುತ್ತದೆ. ಮುಂದಿನ ಸಲ ಆ್ಯಪ್ ತೆರೆದಾಗ ಹಚ್ಚುವುದೇ ಸಭ್ಯತೆ.

ಯಂತ್ರಕಲಿಕೆಯೇ ಪುಟ ಆರಿಸುವ ಸೌಲಭ್ಯವೂ ರಿಮೋಟ್ ಕಾನ್ಫಿಗ್‌ನಲ್ಲಿದೆ. ಕೆಲವು ನೂರು ಗಿರಾಕಿಗಳ ಅಂಗಡಿಗೆ ಅದು ಆಡಂಬರ. ಅಷ್ಟು ಜನರನ್ನು ಎರಡು ಪಾಲು ಮಾಡಿ ಹೋಲಿಸಿದರೂ ಗೆದ್ದ ಪುಟ ಯಾವುದೆಂದು ತಿಳಿಯದೆ ಹಂಗಾಮೇ ಮುಗಿಯುತ್ತದೆ.

ಇನ್ನೊಂದು: ರೈತರ ಮೊಬೈಲ್ ಸಂಖ್ಯೆಯನ್ನೇ ಗುರುತಾಗಿ ಅನಾಲಿಟಿಕ್ಸ್‌ಗೆ ಕಳಿಸುವ ಚಟ ನಮ್ಮವರಲ್ಲಿದೆ. ಗೂಗಲ್‌ನ ನಿಯಮವೇ ಅದನ್ನು ಒಪ್ಪುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು. ಅದರಲ್ಲಿ ಕನ್ನಡವೂ ಇದೆ. ನಾವು ಮೂರು ಸಾಲಿನಲ್ಲಿ ಬರೆದೆವು.

ಇಷ್ಟಾದರೂ ಒಂದು ತೂತು ಉಳಿಯಿತು. ಆ್ಯಪ್‌ನಲ್ಲಿ ದರ ನೋಡಿ ಬಸ್ ಹತ್ತಿ ಅಂಗಡಿಗೇ ಬರುವವರೇ ಹೆಚ್ಚು. ಅವರ ಪರದೆಯಲ್ಲಿ ನಾಲ್ಕಂಕಿಯ ಸಂಖ್ಯೆಯೊಂದು ಕಾಣುವಂತೆ ಮಾಡಿ, ಬಿಲ್ ಹಾಕುವಾಗ ಅದನ್ನು ಕೇಳಲು ಗುಮಾಸ್ತರಿಗೆ ಹೇಳಿದೆವು. ಮುಂಗಾರು ಬಿತ್ತನೆಯ ನೂಕುನುಗ್ಗಲಿನಲ್ಲಿ ಅವರು ಕೇಳುವುದಿಲ್ಲ. ಜೂನ್ ತಿಂಗಳ ಅಂಕಿ ಯಾವಾಗಲೂ ನಿಜಕ್ಕಿಂತ ಕಡಿಮೆಯೇ ಇರುತ್ತದೆ ಎಂದು ಮಾಲೀಕರೂ ನಾನೂ ಒಪ್ಪಿಕೊಂಡಿದ್ದೇವೆ.